ಕೀಮೋಗೆ ಮೊದಲಿನ ಎರಡು ವಾರ



ಕ್ಯಾನ್ಸರ್ ಎಂದು ಗೊತ್ತಾದ ಹೆಣ್ಣುಮಗಳು ಕೀಮೋ ಶುರುವಾಗುವ ಮುಂಚೆ ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: ‘ಕೂದಲು ಉದುರುತ್ತಾ ಮೇಡಂ?’ ಉದುರುತ್ತದಮ್ಮ, ಆದರೆ ಮತ್ತೆ ಬರುತ್ತದೆ ಎನ್ನುತ್ತೇವೆ. ನರ್ಸ್ ಕೂಡ ಅದನ್ನೇ ಹೇಳುತ್ತಾಳೆ. ಪಕ್ಕದ ಮಂಚದಾಕೆ ತಲೆಯ ಮೇಲಿನ ಸೆರಗು ಸರಿಸಿ, ಬೆರಳಗಲ ಬೆಳೆದ ಹೊಸ ಕೂದಲು ತೋರಿಸಿ ಧೈರ್ಯ ತುಂಬುತ್ತಾಳೆ. ಕೂದಲಿನ ಬಗ್ಗೆ ವಾರ್ಡಿನಲ್ಲಿ ಎಲ್ಲರೂ ಮಾತಾಡುತ್ತಾರೆ. ಅದೇ ಔಷಧಿ ಅವಳ ಅಂಡಾಶಯದೊಳಗಿನ ಅಂಡಗಳನ್ನೂ ಸುಡಬಹುದು, ಸುಟ್ಟವು ಮತ್ತೆ ಬರುವುದಿಲ್ಲ ಎಂಬ ಮಾತನ್ನು ಎತ್ತುವವರು ಕಡಿಮೆ.

ನಾನು ಸ್ತ್ರೀರೋಗ ವೈದ್ಯೆ. ಕೆಲವು ವರ್ಷಗಳ ಹಿಂದೆ ಮೂವತ್ತೊಂದು ವರ್ಷದ ಒಬ್ಬಾಕೆ ನನ್ನ ಹತ್ತಿರ ಬಂದಳು. ಇಪ್ಪತ್ತೆಂಟರಲ್ಲಿ ಸ್ತನ ಕ್ಯಾನ್ಸರ್ ಆಗಿತ್ತು, ಪೂರ್ತಿ ವಾಸಿಯಾಗಿತ್ತು. ಆಮೇಲೆ ಮದುವೆಯೂ ಆಗಿತ್ತು. ಆದರೆ ಮುಟ್ಟು ನಿಂತುಹೋಗಿತ್ತು. ಅವಳು ತಂದಿದ್ದ ದಪ್ಪ ಫೈಲಿನಲ್ಲಿ ಎಲ್ಲವೂ ಇತ್ತು. ಯಾವ ದಿನ ಎಷ್ಟು ಮಿಲಿಗ್ರಾಂ ಔಷಧಿ, ಹೃದಯದ ಎಕೋ, ರಕ್ತದ ಎಣಿಕೆ, ವಾಂತಿಯ ಮಾತ್ರೆ, ಒಂದನ್ನೂ ಬಿಟ್ಟಿರಲಿಲ್ಲ. ಮುಂದೆ ಮಕ್ಕಳು ಬೇಕಾದೀತೇ ಎಂದು ಅವಳನ್ನು ಕೇಳಿದ ಒಂದು ಸಾಲು ಮಾತ್ರ ಎಲ್ಲೂ ಇರಲಿಲ್ಲ. ‘ಬದುಕಿದ್ದೇ ದೊಡ್ಡದು ಅಂತ ಎಲ್ಲರೂ ಅಂತಾರೆ ಮೇಡಂ. ನಿಜಾನೇ. ಆದ್ರೆ ಒಂದು ಮಾತು ಹೇಳಬಹುದಿತ್ತಲ್ವಾ?’ ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ವೃತ್ತಿಯ ಮೊದಲ ವರ್ಷಗಳಲ್ಲಿ ನಾನೂ ಆ ಮಾತನ್ನು ಹೇಳದೆ ಬಿಟ್ಟವಳೇ. ಜೀವ ಉಳಿಸುವ ಗಡಿಬಿಡಿಯಲ್ಲಿ ಇದೇನು ದೊಡ್ಡದು ಎಂದುಕೊಂಡಿದ್ದೆ. ಇವತ್ತಿನ ಈ ಮಾತುಕತೆಗೆ ಅವಳ ಆ ಪ್ರಶ್ನೆಯೇ ಕಾರಣ.

ಅಂಡಗಳು ಯಾಕೆ ಮತ್ತೆ ಬರುವುದಿಲ್ಲ? ಗಂಡಿನ ಮೈಯಲ್ಲಿ ವೀರ್ಯಾಣುಗಳು ದಿನದಿನವೂ ಹೊಸದಾಗಿ ಹುಟ್ಟುತ್ತವೆ. ಹೆಣ್ಣಿನ ಕಣಜ ತುಂಬುವುದು ಒಂದೇ ಸಲ, ಅದೂ ಅವಳಿನ್ನೂ ತಾಯಿಯ ಹೊಟ್ಟೆಯಲ್ಲಿರುವಾಗ. ಐದನೇ ತಿಂಗಳ ಹೆಣ್ಣು ಶಿಶುವಿನಲ್ಲಿ 60–70 ಲಕ್ಷ ಅಂಡಗಳಿರುತ್ತವೆ. ಹುಟ್ಟುವ ಹೊತ್ತಿಗೆ ಅವು 10ರಿಂದ 20 ಲಕ್ಷಕ್ಕೆ ಇಳಿಯುತ್ತವೆ, ಮೈನೆರೆಯುವಾಗ ಉಳಿಯುವುದು ಮೂರು–ನಾಲ್ಕು ಲಕ್ಷ. ಇಡೀ ಆಯಸ್ಸಿನಲ್ಲಿ ಬಲಿತು ಹೊರಗೆ ಬರುವುದು ನಾನೂರು–ಐನೂರು ಮಾತ್ರ. ಮಿಕ್ಕವು ತಾವಾಗಿಯೇ ಕರಗಿಹೋಗುತ್ತವೆ. ಸೈಕ್ಲೋಫಾಸ್ಫಮೈಡ್‌ನಂಥ ಔಷಧಿ ಈ ಕಣಜಕ್ಕೇ ಕೈಹಾಕುತ್ತದೆ. ಎಷ್ಟು ಉಳಿಯುತ್ತದೆ ಎಂಬುದು ಯಾವ ಔಷಧಿ, ಎಷ್ಟು ಪ್ರಮಾಣ, ಹುಡುಗಿಗೆ ಎಷ್ಟು ವಯಸ್ಸು ಎಂಬುದರ ಮೇಲಿದೆ. ಕೆಲವರಿಗೆ ಮುಟ್ಟು ಮರಳುತ್ತದೆ, ಬಸಿರೂ ನಿಲ್ಲುತ್ತದೆ. ಕೆಲವರಿಗೆ ಮೂವತ್ತಕ್ಕೇ ಐವತ್ತರ ಅಂಡಾಶಯ.

ಇನ್ನೊಬ್ಬ ಹುಡುಗಿಯ ಕತೆ ಹೇಳುತ್ತೇನೆ. ಹಾಸನ ಜಿಲ್ಲೆಯ ಹಳ್ಳಿಯವಳು, ಇಪ್ಪತ್ತೇಳು ವರ್ಷ, ಪ್ರಾಥಮಿಕ ಶಾಲೆಯಲ್ಲಿ ಮೇಡಂ. ಮದುವೆಯಾಗಿರಲಿಲ್ಲ. ಸ್ತನದಲ್ಲಿ ಗಂಟು ಕಾಣಿಸಿ, ಪರೀಕ್ಷೆಯಾಗಿ, ಕೀಮೋಗೆ ತಾರೀಖು ಕೊಟ್ಟಿದ್ದರು. ಈ ಸಲ ಕ್ಯಾನ್ಸರ್ ವೈದ್ಯರೇ ಫೋನ್ ಮಾಡಿ, ‘ನಿಮಗೆ ಎರಡು ವಾರ ಕೊಡ್ತೀನಿ, ಏನಾದರೂ ಮಾಡಬಹುದಾ ನೋಡಿ’ ಎಂದರು. ಅಪ್ಪ, ಅಮ್ಮ, ಹುಡುಗಿ ಮೂವರೂ ಬಂದು ಕೂತರು.

ಕೀಮೋಗೆ ಮುಂಚೆ ಅಂಡಗಳನ್ನು ಬಲಿಸಿ ಹೊರತೆಗೆದು, ಹೆಪ್ಪುಗಟ್ಟಿಸಿ ಇಡಬಹುದು ಎಂದೆ. ಅದಕ್ಕೆ ಹಿಂದೆ ಮುಟ್ಟಿನ ಎರಡನೇ ದಿನಕ್ಕೆ ಕಾದು ಇಂಜೆಕ್ಷನ್ ಶುರುಮಾಡುತ್ತಿದ್ದರು. ಈಗ ಕಾಯಬೇಕಿಲ್ಲ, ಯಾವ ದಿನ ಬಂದರೆ ಆ ದಿನವೇ ಶುರು. ಹತ್ತು–ಹನ್ನೆರಡು ದಿನ ಹೊಟ್ಟೆಗೆ ಸಣ್ಣ ಸೂಜಿಯ ಇಂಜೆಕ್ಷನ್, ನಡುನಡುವೆ ಸ್ಕ್ಯಾನಿಂಗ್. ಸಾಮಾನ್ಯವಾಗಿ ತಿಂಗಳಿಗೆ ಒಂದು ಅಂಡ ಬಲಿಯುತ್ತದೆ. ಈ ಇಂಜೆಕ್ಷನ್ ಆ ತಿಂಗಳು ಕರಗಿಹೋಗಬೇಕಾಗಿದ್ದ ಉಳಿದವನ್ನೂ ಬಲಿಯುವಂತೆ ಮಾಡುತ್ತದೆ. ಮುಂದಿನ ತಿಂಗಳುಗಳ ಅಂಡವನ್ನು ಕದ್ದು ತೆಗೆಯುತ್ತಾರೆ ಎಂಬ ಹೆದರಿಕೆ ಸರಿಯಲ್ಲ. ಹಾರ್ಮೋನು ಏರಿದರೆ ಸ್ತನದ ಕ್ಯಾನ್ಸರಿಗೆ ಗೊಬ್ಬರ ಹಾಕಿದಂತಾಗದೇ ಎಂಬ ಪ್ರಶ್ನೆ ನ್ಯಾಯವಾದದ್ದು. ಅದಕ್ಕೇ ಲೆಟ್ರೊಜೋಲ್ ಎಂಬ ಮಾತ್ರೆಯನ್ನು ಜೊತೆಗೇ ಕೊಡುತ್ತೇವೆ, ಅದು ಈಸ್ಟ್ರೊಜೆನ್ ಏರದಂತೆ ತಡೆಯುತ್ತದೆ. ಕೊನೆಯ ಇಂಜೆಕ್ಷನ್ ಕೊಟ್ಟು ಸುಮಾರು 36 ಗಂಟೆಯಾದ ಮೇಲೆ ಅರಿವಳಿಕೆ ಕೊಟ್ಟು, ಸ್ಕ್ಯಾನ್ ನೋಡುತ್ತ ಸೂಜಿಯಿಂದ ಅಂಡಗಳನ್ನು ಹೀರಿ ತೆಗೆಯುತ್ತೇವೆ. ಸಂಜೆಗೆ ಮನೆಗೆ ಹೋಗಬಹುದು.

ಸೂಜಿ ಹೋಗುವುದು ಯೋನಿಯ ಮೂಲಕ. ಈ ಮಾತು ಬಂದೊಡನೆ ತಾಯಿಯ ಮುಖ ಬಾಡಿತು. ‘ಮದ್ವೆ ಆಗ್ದಿರೋ ಹುಡುಗಿಗೆ ಇಂಥದ್ದೆಲ್ಲ ಮಾಡ್ಸಿದ್ರೆ ನಾಳೆ ಗಂಡಿನ ಕಡೆಯೋರಿಗೆ ಏನಮ್ಮ ಹೇಳೋದು?’ ಎಂದರು. ಈ ಭಯವನ್ನು ಮೂಢನಂಬಿಕೆ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಆಕೆ ಬದುಕುತ್ತಿರುವ ಊರಿನಲ್ಲಿ ಅದು ನಿಜವಾದ ಭಯ. ಅಂಥವರಿಗೆ ಹೊಟ್ಟೆಯ ಮೇಲಿನಿಂದಲೂ ಅಂಡ ತೆಗೆಯಬಹುದು, ಸ್ವಲ್ಪ ಕಷ್ಟ ಅಷ್ಟೆ. ಮದುವೆಯಾಗದವಳಾದ್ದರಿಂದ ಭ್ರೂಣ ಮಾಡಿ ಇಡುವ ಪ್ರಶ್ನೆಯೇ ಇಲ್ಲ, ಬರೀ ಅಂಡವನ್ನಿಡುತ್ತೇವೆ; ಅದು ಅವಳೊಬ್ಬಳದ್ದೇ. 2021ರ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯಿದೆ 2022ರ ಜನವರಿಯಿಂದ ಜಾರಿಯಲ್ಲಿದೆ. ಅದರ ಪ್ರಕಾರ 21 ದಾಟಿದ ಹೆಣ್ಣು ಮದುವೆಯಾಗದಿದ್ದರೂ ಈ ಸೇವೆ ಪಡೆಯಬಹುದು. ಗಂಡನ ಸಹಿ ಬೇಕಿಲ್ಲ.

ನಾನು ಇಷ್ಟೆಲ್ಲ ಹೇಳುವವರೆಗೂ ಅವರಪ್ಪ ತಲೆತಗ್ಗಿಸಿ ಕೂತಿದ್ದರು. ಅಂಡವನ್ನು ದ್ರವ ಸಾರಜನಕದಲ್ಲಿ, ಸೊನ್ನೆಗಿಂತ 196 ಡಿಗ್ರಿ ಕೆಳಗಿನ ಚಳಿಯಲ್ಲಿ ಇಡುತ್ತೇವೆ ಎಂದಾಗ ತಟ್ಟನೆ ತಲೆಯೆತ್ತಿದರು. ‘ನಮ್ ಡೈರಿ ಡಾಕ್ಟ್ರು ಕ್ಯಾನಲ್ಲಿ ತರ್ತಾರಲ್ಲ, ಮುಚ್ಚಳ ತೆಗುದ್ರೆ ಹೊಗೆ ಏಳುತ್ತೆ, ಅದೇ ತಾನೆ ಡಾಕ್ಟ್ರಮ್ಮ?’

ಅದೇ. ಹಸು ಬೆದೆಗೆ ಬಂದಾಗ ಕೊಡಿಸುವ ಇಂಜೆಕ್ಷನ್ನಿನ ಕ್ಯಾನು. ಹಾಲಿನ ಡೈರಿ ಇರುವ ಕರ್ನಾಟಕದ ಊರುಗಳಿಗೆ ಅದು ಹೊಸದಲ್ಲ. ನಮ್ಮ ಹೆಸರಘಟ್ಟದಲ್ಲೇ ಹೋರಿಗಳ ವೀರ್ಯವನ್ನು ಹೆಪ್ಪುಗಟ್ಟಿಸಿ ಕಡ್ಡಿಗಳಲ್ಲಿ ತುಂಬುವ ಕೇಂದ್ರ ಸರ್ಕಾರದ ಸಂಸ್ಥೆಯಿದೆ. ಜೀವಕೋಶವನ್ನು ಕೊಲ್ಲದೆ ಹೆಪ್ಪುಗಟ್ಟಿಸುವ ವಿದ್ಯೆ ಶುರುವಾದದ್ದೇ ಹಕ್ಕಿ ಮತ್ತು ದನಗಳಿಂದ. 1949ರಲ್ಲಿ ಲಂಡನ್ನಿನ ಮಿಲ್ ಹಿಲ್‌ನಲ್ಲಿ ಕ್ರಿಸ್ಟೋಫರ್ ಪೋಲ್ಜ್ ಮತ್ತು ಸಂಗಡಿಗರು ಕೋಳಿಯ ವೀರ್ಯವನ್ನು ಹೆಪ್ಪುಗಟ್ಟಿಸಲು ಹೆಣಗುತ್ತಿದ್ದರು. ಒಂದು ಬಾಟಲಿಯ ದ್ರಾವಣ ಮಾತ್ರ ಅಚ್ಚರಿಯ ಫಲ ಕೊಟ್ಟಿತು. ಅದನ್ನು ಸಕ್ಕರೆಯ ದ್ರಾವಣ ಎಂದುಕೊಂಡಿದ್ದರು. ಪರೀಕ್ಷಿಸಿದರೆ ಚೀಟಿ ಅದಲುಬದಲಾಗಿ ಬಂದ ಗ್ಲಿಸರಾಲ್ ಆಗಿತ್ತು.

ವೀರ್ಯಾಣು ಸಣ್ಣದು, ಅದರಲ್ಲಿ ನೀರು ಕಡಿಮೆ. ಅಂಡ ಹಾಗಲ್ಲ. ಮನುಷ್ಯರ ಮೈಯ ತೀರ ದೊಡ್ಡ ಜೀವಕೋಶಗಳಲ್ಲಿ ಅದೂ ಒಂದು, ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು, ಬರಿಗಣ್ಣಿಗೆ ಒಂದು ಚುಕ್ಕಿಯಾಗಿ ಕಂಡೀತು. ಅದರ ತುಂಬ ನೀರು. ನಿಧಾನವಾಗಿ ತಣಿಸಿದರೆ ನೀರು ಹರಳುಗಟ್ಟಿ, ಆ ಹರಳು ಒಳಗಿನ ನವಿರು ಎಳೆಗಳನ್ನು ಕತ್ತರಿಸಿಬಿಡುತ್ತದೆ. ಅಡಿಗೆಮನೆಯ ಉದಾಹರಣೆ ಕೊಡುತ್ತೇನೆ. ಸಂಕ್ರಾಂತಿಯ ಸಕ್ಕರೆ ಅಚ್ಚು ಮುರಿದು ನೋಡಿ, ಒಳಗೆಲ್ಲ ಹರಳು ಹರಳು. ಕಡಲೆ ಮಿಠಾಯಿಗೆ ಬೆಲ್ಲದ ಪಾಕ ಹದ ಬಂತೇ ಎಂದು ನೋಡಲು ಒಂದು ಹನಿಯನ್ನು ತಣ್ಣೀರಿಗೆ ಬಿಡುತ್ತೀರಲ್ಲ, ಅದು ಥಟ್ಟನೆ ಗಟ್ಟಿಯಾಗಿ ತಟ್ಟೆಗೆ ಎಸೆದರೆ ಟಣ್ ಎನ್ನುತ್ತದೆ. ಅದರಲ್ಲಿ ಹರಳಿಲ್ಲ, ಗಾಜಿನ ಹಾಗೆ ನುಣುಪು. ಪಾಕ ಮಂದವಾಗಿರಬೇಕು, ತಣಿಯುವುದು ಒಮ್ಮೆಲೇ ಆಗಬೇಕು, ಇಷ್ಟೇ ಗುಟ್ಟು. ಅಂಡದ ನೀರನ್ನು ಹೊರತೆಗೆದು, ಮಂದ ದ್ರಾವಣ ಸೇರಿಸಿ, ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ದ್ರವ ಸಾರಜನಕಕ್ಕೆ ಅದ್ದುತ್ತಾರೆ. ವಿಟ್ರಿಫಿಕೇಶನ್ ಎನ್ನುವ ಈ ವಿಧಾನವನ್ನು ಅಂಡಕ್ಕೆ ಹೊಂದುವಂತೆ ಪಳಗಿಸಿದವರಲ್ಲಿ ಜಪಾನಿನ ಮಾಸಾಶಿಗೆ ಕುವಾಯಾಮ ಮುಖ್ಯರು. ಹೆಪ್ಪುಗಟ್ಟಿಸಿದ ಅಂಡದಿಂದ ಬಸಿರು ನಿಂತ ಮೊದಲ ವರದಿ 1986ರಲ್ಲೇ ಆಸ್ಟ್ರೇಲಿಯಾದ ಕ್ರಿಸ್ಟೋಫರ್ ಚೆನ್ ಅವರಿಂದ ಬಂದಿತ್ತು. ಆದರೂ ಇದು ಪ್ರಯೋಗದ ಹಂತ ದಾಟಿದೆ ಎಂದು ಅಮೆರಿಕದ ತಜ್ಞರ ಸಂಘ ಒಪ್ಪಿದ್ದು 2012ರಲ್ಲಿ.

ಇಲ್ಲಿ ಒಬ್ಬರನ್ನು ನೆನೆಯದೆ ಮುಂದೆ ಹೋಗಲಾರೆ. 1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಜಗತ್ತಿನ ಮೊದಲ ಪ್ರನಾಳ ಶಿಶು ಹುಟ್ಟಿದ್ದು ಎಲ್ಲರಿಗೂ ಗೊತ್ತು. ಅದಾಗಿ 70 ದಿನಗಳ ಅಂತರದಲ್ಲಿ, ಅಕ್ಟೋಬರ್ 3ರಂದು, ಕೋಲ್ಕತ್ತದಲ್ಲಿ ಎರಡನೆಯ ಮಗು ಹುಟ್ಟಿತು. ಅದರ ಹಿಂದಿದ್ದವರು ಡಾ. ಸುಭಾಷ್ ಮುಖರ್ಜಿ. ಅವರು ಮಾಡಿದ್ದು ಇಂಗ್ಲೆಂಡಿನವರ ನಕಲಲ್ಲ. ಇಂಜೆಕ್ಷನ್ ಕೊಟ್ಟು ಹಲವು ಅಂಡ ಬಲಿಸಿದರು, ಭ್ರೂಣವನ್ನು 53 ದಿನ ಹೆಪ್ಪುಗಟ್ಟಿಸಿ ಇಟ್ಟು ಆಮೇಲೆ ಗರ್ಭಕ್ಕೆ ಸೇರಿಸಿದರು. ಇವತ್ತು ಜಗತ್ತಿನ ಆಸ್ಪತ್ರೆಗಳು ನಿತ್ಯ ಮಾಡುವುದು ಇದನ್ನೇ. ಆದರೆ ರಾಜ್ಯ ಸರ್ಕಾರ ನೇಮಿಸಿದ ಸಮಿತಿ ಅವರ ಮಾತನ್ನು ನಂಬಲಿಲ್ಲ. ಜಪಾನಿಗೆ ಹೋಗಿ ತಮ್ಮ ಕೆಲಸ ಹೇಳಿಕೊಳ್ಳಲು ಅನುಮತಿ ಸಿಗಲಿಲ್ಲ. ಕೊನೆಗೆ ಕಣ್ಣಿನ ಆಸ್ಪತ್ರೆಗೆ ವರ್ಗ ಮಾಡಿದರು. 1981ರ ಜೂನ್ 19ರಂದು ಅವರು ಪ್ರಾಣ ಕಳೆದುಕೊಂಡರು. 1986ರಲ್ಲಿ ಮುಂಬೈಯಲ್ಲಿ ಹುಟ್ಟಿದ ಮಗುವೇ ಭಾರತದ ಮೊದಲನೆಯದೆಂದು ದಾಖಲಾಯಿತು. ಆ ತಂಡದ ವಿಜ್ಞಾನಿ ಟಿ. ಸಿ. ಆನಂದ ಕುಮಾರ್ 1997ರಲ್ಲಿ ಮುಖರ್ಜಿಯವರ ಕೈಬರಹದ ಟಿಪ್ಪಣಿಗಳನ್ನು ಓದಿದರು, ಮೊದಲಿಗರು ನಾವಲ್ಲ, ಅವರು ಎಂದು ನಮ್ಮ ಬೆಂಗಳೂರಿನಿಂದಲೇ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ತನ್ನ ಹೆಸರಿನ ಮುಂದಿದ್ದ ‘ಮೊದಲ’ ಎಂಬ ಪದವನ್ನು ತಾನೇ ತೆಗೆದು, ತೀರಿಹೋದವನಿಗೆ ಕೊಟ್ಟ ಆ ಮನುಷ್ಯನನ್ನು ನೆನೆದಾಗಲೆಲ್ಲ ನನಗೆ ಕೈಮುಗಿಯಬೇಕೆನಿಸುತ್ತದೆ.

ಹಾಸನದ ಹುಡುಗಿಗೆ ಒಂಬತ್ತು ಬಲಿತ ಅಂಡ ಸಿಕ್ಕವು. ಹದಿನಾಲ್ಕನೇ ದಿನ ಕೀಮೋ ಶುರುವಾಯಿತು.

ಒಂಬತ್ತು ಅಂಡ ಎಂದರೆ ಒಂಬತ್ತು ಮಕ್ಕಳಲ್ಲ, ಒಂದು ಮಗುವಿನ ಖಾತರಿಯೂ ಅಲ್ಲ. ಕೆಲವು ಕರಗಿಸುವಾಗ ಹೋಗುತ್ತವೆ, ಕೆಲವು ಫಲಿಸುವುದಿಲ್ಲ, ಕೆಲವು ಭ್ರೂಣವಾಗಿ ಎರಡು ದಿನಕ್ಕೆ ನಿಂತುಬಿಡುತ್ತವೆ. ಸ್ಪೇನಿನ ವೆಲೆನ್ಸಿಯಾದ ವೈದ್ಯರು 2016ರಲ್ಲಿ ಕೊಟ್ಟ ಲೆಕ್ಕ ಹೀಗಿದೆ: ಕಾಯಿಲೆಯಿಲ್ಲದ ಹೆಣ್ಣು 35ರೊಳಗೆ ಇಟ್ಟ 10 ಅಂಡಗಳನ್ನು ಬಳಸಿದರೆ ಮಗು ಪಡೆಯುವ ಸಾಧ್ಯತೆ ನೂರಕ್ಕೆ ಸುಮಾರು 60; 35 ದಾಟಿದ ಮೇಲೆ ಇಟ್ಟಿದ್ದರೆ ಸುಮಾರು 30. ಕೆಲಸ, ಓದು, ಸರಿಯಾದ ಸಂಗಾತಿ ಸಿಗದಿರುವುದು, ಇಂಥ ಕಾರಣಕ್ಕೆ ಅಂಡ ಇಡಲು ಬರುವ ಬೆಂಗಳೂರಿನ ಹೆಣ್ಣುಮಕ್ಕಳಿಗೂ ಈ ಲೆಕ್ಕವನ್ನೇ ಬರೆದು ತೋರಿಸುತ್ತೇನೆ. ಅವರನ್ನು ಗದರುವ ಹಕ್ಕು ನನಗೂ ಇಲ್ಲ, ಯಾರಿಗೂ ಇಲ್ಲ. 2014ರಲ್ಲಿ ಅಮೆರಿಕದ ಫೇಸ್‌ಬುಕ್, ಆ್ಯಪಲ್ ಕಂಪನಿಗಳು ತಮ್ಮ ನೌಕರರಿಗೆ ಇದರ ಖರ್ಚು ಕೊಡುವುದಾಗಿ ಹೇಳಿದಾಗಿನಿಂದ ಇದನ್ನು ವಿಮೆಯೆಂದು ಮಾರುವುದು ಹೆಚ್ಚಾಗಿದೆ. ವಿಮೆಯಲ್ಲಿ ಕಂತು ಕಟ್ಟಿದವನಿಗೆ ಹಣ ಬರಲೇಬೇಕು. ಇಲ್ಲಿ ಲಕ್ಷ ದಾಟುವ ಹಣ ಕಟ್ಟಿ, ವರ್ಷ ವರ್ಷ ಬಾಡಿಗೆ ಕಟ್ಟಿ, ಕೈಯಲ್ಲಿರುವುದು ಒಂದು ಅವಕಾಶ ಮಾತ್ರ. ಮೂವತ್ತೆರಡರಲ್ಲಿ ಬಂದವಳಿಗೆ ಅದು ಒಳ್ಳೆಯ ಅವಕಾಶ. ನಲವತ್ತೊಂದರಲ್ಲಿ ಬಂದವಳಿಂದ ದುಡ್ಡು ಕಟ್ಟಿಸಿಕೊಳ್ಳುವ ಮುಂಚೆ ನಿಜ ಹೇಳಬೇಕಾದದ್ದು ವೈದ್ಯರ ಧರ್ಮ.

ಹುಡುಗಿಯ ಕತೆಗೆ ಮರಳುತ್ತೇನೆ. ಅಷ್ಟು ಚಿಕ್ಕ ವಯಸ್ಸಿಗೆ ಕ್ಯಾನ್ಸರ್ ಬಂದಿದ್ದರಿಂದ ವಂಶವಾಹಿ ಪರೀಕ್ಷೆ ಮಾಡಿಸಿದ್ದರು. ಬಿಆರ್‌ಸಿಎ–1 ಎಂಬ ವಂಶವಾಹಿಯಲ್ಲಿ ದೋಷ ಕಂಡಿತು. ನಮ್ಮಲ್ಲಿ ಸ್ತನದ ಕಾಯಿಲೆ ಎಂದರೆ ತಾಯಿಯ ಕಡೆಯಿಂದಲೇ ಬರಬೇಕೆಂದು ನಂಬುತ್ತಾರೆ. ಇದು ತಂದೆಯಿಂದಲೂ ಬರುತ್ತದೆ. ವಿಚಾರಿಸಿದಾಗ, ಅವಳ ಸೋದರತ್ತೆ ನಲವತ್ತಕ್ಕೇ ‘ಹೊಟ್ಟೆಯಲ್ಲಿ ನೀರು ತುಂಬಿ’ ತೀರಿಕೊಂಡಿದ್ದರಂತೆ. ಅದು ಅಂಡಾಶಯದ ಕ್ಯಾನ್ಸರ್ ಇದ್ದಿರಬೇಕು. ಅಪ್ಪನ ರಕ್ತ ಪರೀಕ್ಷೆ ಮಾಡಿದರೆ ಅದೇ ದೋಷ. ಆ ದಿನ ಆ ಮನುಷ್ಯ ಆಸ್ಪತ್ರೆಯ ಕಾರಿಡಾರಿನಲ್ಲಿ ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡು ಅತ್ತರು. ಮಗಳು ಪಕ್ಕದಲ್ಲಿ ಕೂತು ಬೆನ್ನು ಸವರುತ್ತಿದ್ದಳು.

ಈ ದೋಷವಿರುವವರ ಪ್ರತಿ ಮಗುವಿಗೂ ಅದು ದಾಟುವ ಸಂಭವ ಅರ್ಧಕ್ಕರ್ಧ. ಜೊತೆಗೆ, ಅಂಡಾಶಯದ ಕ್ಯಾನ್ಸರ್ ತಪ್ಪಿಸಲು 35ರಿಂದ 40ರೊಳಗೆ ಅಂಡಾಶಯವನ್ನೇ ತೆಗೆಸಿಕೊಳ್ಳಿ ಎಂದು ಸಲಹೆ ಕೊಡುತ್ತೇವೆ. ಹಾಗಾಗಿ ಇಟ್ಟ ಆ ಒಂಬತ್ತಕ್ಕೆ ಇನ್ನಷ್ಟು ಬೆಲೆ ಬಂತು.

ಭ್ರೂಣದ ಪರೀಕ್ಷೆಯ ಮಾತು ಬರುವುದು ಇಲ್ಲಿ. ಅಂಡ ಫಲಿಸಿ ಐದಾರು ದಿನಕ್ಕೆ ನೂರಕ್ಕೂ ಮಿಕ್ಕಿದ ಕೋಶಗಳ ಪುಟ್ಟ ಚೆಂಡಾಗುತ್ತದೆ. ಒಳಗಿನ ಗುಂಪು ಮಗುವಾಗುತ್ತದೆ, ಹೊರಪದರ ಕಸವಾಗುತ್ತದೆ, ಅಂದರೆ ಹೆರಿಗೆಯಲ್ಲಿ ಮಗುವಿನ ಹಿಂದೆ ಬೀಳುವ ಮಾಸು. ಆ ಹೊರಪದರದಿಂದ ಐದರಿಂದ ಹತ್ತು ಕೋಶ ತೆಗೆದು, ಭ್ರೂಣವನ್ನು ಹೆಪ್ಪುಗಟ್ಟಿಸಿಟ್ಟು, ಕೋಶಗಳನ್ನು ಪರೀಕ್ಷೆಗೆ ಕಳಿಸುತ್ತಾರೆ. ಮನೆಯಲ್ಲಿ ಇಂಥದ್ದೇ ಕಾಯಿಲೆ ಇದೆ, ಈ ವಂಶವಾಹಿಯ ಈ ಜಾಗದಲ್ಲಿ ದೋಷವಿದೆ ಎಂದು ಮೊದಲೇ ಗೊತ್ತಿದ್ದರೆ ಇದು ಬಹಳ ಉಪಕಾರಿ. ಥಲಸ್ಸೀಮಿಯಾವನ್ನೇ ತೆಗೆದುಕೊಳ್ಳಿ. ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು 10,000 ಮಕ್ಕಳು ಅದರ ತೀವ್ರ ರೂಪ ಹೊತ್ತು ಹುಟ್ಟುತ್ತಾರೆ. ಎರಡು–ಮೂರು ವಾರಕ್ಕೊಮ್ಮೆ ರಕ್ತ ಹಾಕಿಸಿಕೊಳ್ಳಲು ಬರುವ ಆ ಪುಟ್ಟ ಕೈಗಳಲ್ಲಿ ನರ ಹುಡುಕಿದವರಿಗೆ ಈ ಪರೀಕ್ಷೆಯ ಬೆಲೆ ಗೊತ್ತು.

ಈ ಪರೀಕ್ಷೆಯನ್ನು ಮನುಷ್ಯರಲ್ಲಿ ಮೊದಲು ಮಾಡಿ 1990ರಲ್ಲಿ ಪ್ರಕಟಿಸಿದವರು ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯ ಅಲನ್ ಹ್ಯಾಂಡಿಸೈಡ್ ತಂಡ. ಆಗ ನೋಡಿದ್ದು ಭ್ರೂಣ ಹೆಣ್ಣೋ ಗಂಡೋ ಎಂಬುದನ್ನು. ಆ ಮನೆಗಳಲ್ಲಿದ್ದ ಕಾಯಿಲೆ ಗಂಡುಮಕ್ಕಳಿಗೆ ಮಾತ್ರ ಬರುವಂಥದ್ದು, ಅದಕ್ಕೇ ಹೆಣ್ಣು ಭ್ರೂಣಗಳನ್ನು ಆರಿಸಿದರು. ಹೆಣ್ಣನ್ನು ಆರಿಸಲು ಹುಟ್ಟಿದ ವಿದ್ಯೆ ಅದು. ನಮ್ಮ ದೇಶದಲ್ಲಿ ಅದು ಯಾವುದಕ್ಕೆ ಬಳಕೆಯಾದೀತು ಎಂಬುದನ್ನು ನಾನು ಬಿಡಿಸಿ ಹೇಳಬೇಕಿಲ್ಲ. ಭ್ರೂಣಲಿಂಗ ಪತ್ತೆಯನ್ನು ತಡೆಯುವ 1994ರ ಕಾಯಿದೆಗೆ 2003ರಿಂದ ಜಾರಿಯಾದ ತಿದ್ದುಪಡಿ ಗರ್ಭಧಾರಣೆಗೆ ಮುಂಚಿನ ಲಿಂಗ ಆಯ್ಕೆಯನ್ನೂ ಅಪರಾಧವಾಗಿಸಿತು. 2021ರ ಕಾಯಿದೆ ಅದನ್ನು ಮತ್ತೆ ಹೇಳಿದೆ. ‘ಹೇಗೂ ಟೆಸ್ಟ್ ಮಾಡ್ತೀರಲ್ಲ, ಅದೊಂದು ಹೇಳಿಬಿಡಿ’ ಎಂದು ನನ್ನೆದುರು ಕೂತು ಕೇಳಿದವರಿದ್ದಾರೆ. ಹೇಳುವುದಿಲ್ಲ. ಇದರಲ್ಲಿ ದಾಕ್ಷಿಣ್ಯದ ಮಾತೇ ಇಲ್ಲ.

ಮನೆಯಲ್ಲಿ ಯಾವ ಕಾಯಿಲೆಯೂ ಇಲ್ಲದವರಿಗೂ ಎಲ್ಲ ಭ್ರೂಣಗಳ ವರ್ಣತಂತು ಎಣಿಸುವ ಪರೀಕ್ಷೆಯನ್ನು ಈಗ ಹೇರುತ್ತಿದ್ದಾರೆ. ವಯಸ್ಸಾದಂತೆ ಅಂಡದಲ್ಲಿ ವರ್ಣತಂತುಗಳ ಲೆಕ್ಕ ತಪ್ಪುವುದು ನಿಜ. ಹಾಗೆಂದು ಎಲ್ಲರಿಗೂ ಈ ಪರೀಕ್ಷೆಯಿಂದ ಲಾಭವಿಲ್ಲ. ಚೀನಾದಲ್ಲಿ 20ರಿಂದ 37 ವಯಸ್ಸಿನ 1,212 ಹೆಣ್ಣುಮಕ್ಕಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪರೀಕ್ಷೆ ಮಾಡಿಸಿದವರಲ್ಲಿ ನೂರಕ್ಕೆ 77 ಮಂದಿಗೆ, ಮಾಡಿಸದವರಲ್ಲಿ 82 ಮಂದಿಗೆ ಮಗುವಾಯಿತು. ಹೊರಪದರದ ಐದು ಕೋಶದಲ್ಲಿ ಕಂಡ ದೋಷ ಒಳಗಿನ ಮಗುವಿನಲ್ಲಿ ಇರಲೇಬೇಕೆಂದಿಲ್ಲ. ಒಳ್ಳೆಯ ಭ್ರೂಣವೂ ಚರಂಡಿ ಸೇರಬಹುದು. ನಾಲ್ಕೇ ಭ್ರೂಣವಿರುವ ಕ್ಯಾನ್ಸರ್ ಗೆದ್ದ ಹುಡುಗಿಗೆ ಅದರಲ್ಲಿ ಒಂದನ್ನು ಅನುಮಾನದಿಂದ ಎಸೆಯುವುದೆಂದರೆ ಸಣ್ಣ ಮಾತಲ್ಲ.

ನಿಮ್ಮ ಮನೆಯಲ್ಲಿ, ಪಕ್ಕದ ಮನೆಯಲ್ಲಿ, ಹರೆಯದ ಯಾರಿಗಾದರೂ ಕೀಮೋ ಆಗಬೇಕಾಗಿ ಬಂದರೆ, ಮೊದಲ ಬಾಟಲಿ ಏರಿಸುವ ಮುಂಚೆ ವೈದ್ಯರನ್ನು ಕೇಳಿ: ‘ಇದರಿಂದ ಮುಂದೆ ಮಕ್ಕಳಾಗಲು ತೊಂದರೆಯಾಗುತ್ತದೆಯೇ? ಈಗ ಏನಾದರೂ ತೆಗೆದಿಡಬಹುದೇ?’ ಗಂಡುಹುಡುಗನಾದರೆ ವೀರ್ಯ ತೆಗೆದಿಡುವುದು ಒಂದು ದಿನದ, ಕಡಿಮೆ ಖರ್ಚಿನ ಕೆಲಸ, ಅದನ್ನೂ ಮರೆತುಬಿಡುತ್ತೇವೆ. ಮೈನೆರೆಯದ ಹೆಣ್ಣುಮಗುವಿಗೆ ಅಂಡಾಶಯದ ಒಂದು ಚೂರನ್ನೇ ತೆಗೆದಿಡುವ ವಿಧಾನವಿದೆ. ದೊಡ್ಡವರಲ್ಲಿ ಹಾಗೆ ಇಟ್ಟ ಚೂರನ್ನು ಮತ್ತೆ ಕೂಡಿಸಿ 2004ರಲ್ಲಿ ಬೆಲ್ಜಿಯಮ್ಮಿನಲ್ಲಿ ಮೊದಲ ಮಗು ಹುಟ್ಟಿತು. ರಕ್ತದ ಕ್ಯಾನ್ಸರಿನಲ್ಲಿ ಕೆಲವೊಮ್ಮೆ ಎರಡು ದಿನವೂ ಕಾಯುವಂತಿಲ್ಲ, ಅದೂ ನಿಜ. ಆಗ ವೈದ್ಯರು ‘ಸಮಯವಿಲ್ಲ’ ಎನ್ನಲಿ. ಆದರೆ ಆ ಮಾತನ್ನಾದರೂ ಅವಳಿಗೆ ಹೇಳಲಿ. ಸರ್ಕಾರದ ಆರೋಗ್ಯ ಯೋಜನೆಗಳೂ ಈ ಖರ್ಚನ್ನು ಕ್ಯಾನ್ಸರ್ ಚಿಕಿತ್ಸೆಯ ಭಾಗವೆಂದೇ ಎಣಿಸಬೇಕು. ಸುಟ್ಟ ಚರ್ಮಕ್ಕೆ ಹೊಸ ಚರ್ಮ ಕೂಡಿಸುವುದನ್ನು ನಾವು ಯಾರೂ ಶೋಕಿ ಎನ್ನುವುದಿಲ್ಲವಲ್ಲ.

ಹಾಸನದ ಹುಡುಗಿ ಈಗ ಚೆನ್ನಾಗಿದ್ದಾಳೆ, ಶಾಲೆಗೆ ಹೋಗುತ್ತಾಳೆ. ಪ್ರತಿ ಜನವರಿಯಲ್ಲಿ ಬಾಡಿಗೆ ಕಟ್ಟಲು ಬರುತ್ತಾಳೆ. ಭ್ರೂಣದ ಪರೀಕ್ಷೆಯ ಬಗ್ಗೆ ನಾನು ಹೇಳಿದ್ದನ್ನೆಲ್ಲ ಕೇಳಿ ಹೋದ ವರ್ಷ ಅವಳೊಂದು ಮಾತು ಹೇಳಿದಳು. ‘ಅಪ್ಪ ಅಮ್ಮ ಅವಾಗ ಹಿಂಗೆ ಟೆಸ್ಟ್ ಮಾಡ್ಸಿದ್ರೆ ನಾನೇ ಇರ್ತಿರ್ಲಿಲ್ಲ ಅಲ್ವಾ ಮೇಡಂ?’ ಅದಕ್ಕೆ ಹೌದು ಎನ್ನಬೇಕಾಯಿತು. ಪರೀಕ್ಷೆ ಬೇಕೋ ಬೇಡವೋ ಅವಳಿನ್ನೂ ತೀರ್ಮಾನಿಸಿಲ್ಲ. ಅವಸರವೂ ಇಲ್ಲ.

ಈ ಜನವರಿಯಲ್ಲಿ ಅಪ್ಪನೂ ಬಂದಿದ್ದರು. ‘ಕರೆಂಟ್ ಹೋದ್ರೆ?’ ಎಂದು ಕೇಳಿದರು. ಆ ಪಾತ್ರೆಗೆ ಕರೆಂಟ್ ಬೇಕಿಲ್ಲ, ಆರುವ ಸಾರಜನಕವನ್ನು ತುಂಬಿಸುತ್ತಿದ್ದರೆ ಸಾಕು ಎಂದೆ. ತುಂಬಿಸಿದ ದಿನ ಬರೆದಿಡುವ ಪುಸ್ತಕವನ್ನು ತರಿಸಿ ಮುಂದಿಟ್ಟೆ. ಕನ್ನಡಕ ಏರಿಸಿಕೊಂಡು, ಹಾಲಿನ ಲೆಕ್ಕದ ಪುಸ್ತಕ ನೋಡುವವರ ಹಾಗೆ, ಒಂದೊಂದು ತಾರೀಖಿನ ಮೇಲೂ ಬೆರಳಿಟ್ಟು ಕೊನೆಯ ಪುಟದವರೆಗೆ ನೋಡಿದರು.